ವಿಂಡೋ ಡ್ರೆಸ್ಸಿಂಗ್: ಕಿಟಕಿಯ ಸಿಂಗಾರ, ಒಳಗಿನ ಲೆಕ್ಕ

‘ಮೇಲೆಲ್ಲಾ ಥಳಕು, ಒಳಗೆಲ್ಲಾ ಹುಳುಕು’ ಎಂಬ ನಮ್ಮ ಗಾದೆಗೆ ಹತ್ತಿರವಾದ ಇಂಗ್ಲಿಷ್ ನುಡಿಗಟ್ಟು ‘ವಿಂಡೋ ಡ್ರೆಸ್ಸಿಂಗ್’. ನೋಡುವವರ ಕಣ್ಣಿಗಷ್ಟೇ ಇಟ್ಟದ್ದು ಎಂದು ಇದರ ಅರ್ಥ.

ಈ ಮಾತು ಹುಟ್ಟಿದ್ದು ಅಂಗಡಿಯಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಗಾಜುಗಳು ಬಂದ ಮೇಲೆ ಅಂಗಡಿಯ ಕಿಟಕಿಯೇ ಜಾಹೀರಾತಾಯಿತು, ಅದನ್ನು ಸಿಂಗರಿಸುವುದೇ ಒಂದು ಕಸುಬಾಯಿತು. ಆ ಕಸುಬಿನವರಿಗಾಗಿ 1897ರಲ್ಲಿ ಷಿಕಾಗೋದಲ್ಲಿ ‘ದಿ ಶೋ ವಿಂಡೋ’ ಎಂಬ ಪತ್ರಿಕೆ ಹೊರಡಿಸಿದವರು ಎಲ್. ಫ್ರಾಂಕ್ ಬಾಮ್. 1900ರಲ್ಲಿ, ನಮ್ಮ ಮಕ್ಕಳೆಲ್ಲ ಬಲ್ಲ ‘ವಿಝರ್ಡ್ ಆಫ್ ಆಝ್’ ಬರೆದವರೂ ಅವರೇ. ಆ ಕಥೆಯ ಮಹಾಮಾಂತ್ರಿಕ ಕೊನೆಗೆ ಮರೆಯಲ್ಲಿ ಅಡಗಿದ್ದ ಒಬ್ಬ ಸಾಮಾನ್ಯ ಮನುಷ್ಯ!

ಮುಂದೆ ಈ ಮಾತು ಲೆಕ್ಕಪತ್ರಕ್ಕೂ ಬಂತು. 2008ರಲ್ಲಿ ದಿವಾಳಿಯಾದ ಲೇಮನ್ ಬ್ರದರ್ಸ್, ‘ರೆಪೋ 105’ ಎಂಬ ವಿಧಾನದಿಂದ ಸುಮಾರು 50 ಬಿಲಿಯನ್ ಡಾಲರ್ ಆಸ್ತಿಯನ್ನು ತ್ರೈಮಾಸಿಕದ ಕೊನೆಯಲ್ಲಿ ಮಾರಿದಂತೆ ತೋರಿಸಿ, ಆ ಹಣದಿಂದ ಸಾಲ ತೀರಿಸಿ, ಕೆಲವೇ ದಿನಗಳಲ್ಲಿ ಹೊಸ ಸಾಲ ಮಾಡಿ ಆಸ್ತಿಯನ್ನು ಮರಳಿ ಪಡೆಯುತ್ತಿತ್ತು. ವರದಿ ನೋಡಿದವರಿಗೆ ಸಾಲ ಕಡಿಮೆ ಕಾಣುತ್ತಿತ್ತು. ನ್ಯಾಯಾಲಯ ನೇಮಿಸಿದ ಪರಿಶೀಲಕರ 2010ರ ವರದಿ ಇದನ್ನು ಬಯಲು ಮಾಡಿತು.

ದಾನದ ವಿಷಯದಲ್ಲೂ ಇದೇ ಎಚ್ಚರ ಬೇಕು. ಊರಿನ ಶಾಲೆಗೆ ಕಂಪ್ಯೂಟರ್ ಕೊಟ್ಟು, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಳ್ಳುವುದು ಸುಲಭ. ಕಲಿಸುವ ಮೇಷ್ಟ್ರು, ಕರೆಂಟು, ರಿಪೇರಿಯ ಖರ್ಚು ಇಲ್ಲದಿದ್ದರೆ ಆ ಕೋಣೆಗೆ ಬೀಗ ಬೀಳುತ್ತದೆ. ಸಾಫ್ಟ್‌ವೇರ್ ಕೆಲಸದ ನಮಗೆ ಇದು ಹೊಸದಲ್ಲ. ಡೆಮೊ ಓಡಿದ ಮಾತ್ರಕ್ಕೆ ಪ್ರಾಡಕ್ಟ್ ಸಿದ್ಧವಾಯಿತೆಂದು ನಾವು ನಂಬುವುದಿಲ್ಲ.

ಹಾಗಾದರೆ ನೋಡುವುದೇನು? ಅಮೆರಿಕದಲ್ಲಿ ‘ಫಾರ್ಮ್ 990’ ಸಲ್ಲಿಸುವ ಸೇವಾ ಸಂಸ್ಥೆಗಳು ಕಳೆದ ಮೂರು ವರ್ಷದ ಪ್ರತಿಗಳನ್ನು ಕೇಳಿದವರಿಗೆ ತೋರಿಸಬೇಕು. ಅದರ ಒಂಬತ್ತನೆಯ ಭಾಗದಲ್ಲಿ ಸೇವಾಕಾರ್ಯ, ಆಡಳಿತ, ನಿಧಿ ಸಂಗ್ರಹ ಎಂದು ಖರ್ಚನ್ನು ಬೇರೆಬೇರೆಯಾಗಿ ಕೊಟ್ಟಿರುತ್ತಾರೆ. ಆದರೆ ‘ಆಡಳಿತದ ಖರ್ಚು ಸೊನ್ನೆ’ ಎಂಬ ಹೆಮ್ಮೆಯೂ ಒಮ್ಮೊಮ್ಮೆ ಕಿಟಕಿಯ ಸಿಂಗಾರವೇ. ಲೆಕ್ಕ ಬರೆಯುವುದಕ್ಕೆ, ಆಡಿಟ್‌ಗೆ, ಕೆಲಸ ನಡೆದಿದೆಯೇ ಎಂದು ಹೋಗಿ ನೋಡುವುದಕ್ಕೆ ಹಣ ಬೇಕಲ್ಲವೇ? ಆದ್ದರಿಂದ ಎಷ್ಟು ಕೊಟ್ಟರು ಎಂಬುದರ ಜೊತೆಗೆ, ಎರಡು ವರ್ಷದ ನಂತರ ಅದು ಹೇಗಿದೆ ಎಂದೂ ಕೇಳೋಣ.

ಕಿಟಕಿ ಚೆಂದವಿರುವುದು ತಪ್ಪಲ್ಲ. ಒಳಗೆ ಸರಕು ಇರಬೇಕು, ಅಷ್ಟೇ. ಈ ಸ್ಮರಣ ಸಂಚಿಕೆಯ ಬಣ್ಣದ ಪುಟಗಳೂ ಒಂದು ಕಿಟಕಿಯೇ. ದಯವಿಟ್ಟು ಒಳಗೆ ಬನ್ನಿ, ಲೆಕ್ಕ ಕೇಳಿ, ಆಮೇಲೆ ಚೆಕ್ ಬರೆಯಿರಿ.