ಮನೆಯಲ್ಲೇ ಡಯಾಲಿಸಿಸ್: ಸೋಂಕು ತಗಲದಂತೆ ದಂಪತಿಗಳು ವಹಿಸಬೇಕಾದ ಎಚ್ಚರಿಕೆ

ಬೆನ್ನಿನ ಎರಡು ಪಕ್ಕಗಳಲ್ಲಿರುವ ಮೂತ್ರಪಿಂಡಗಳು ರಕ್ತದಲ್ಲಿನ ಕಲ್ಮಶವನ್ನೂ ಹೆಚ್ಚಾದ ನೀರನ್ನೂ ಬೇರ್ಪಡಿಸಿ ಮೂತ್ರದ ರೂಪದಲ್ಲಿ ಹೊರಹಾಕುತ್ತವೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಮೊದಲಾದ ಕಾರಣಗಳಿಂದ ಅವು ಕೆಟ್ಟುಹೋದಾಗ ಆ ಕೆಲಸವನ್ನು ಬೇರೊಂದು ವಿಧಾನದಿಂದ ನಡೆಸಬೇಕಾಗುತ್ತದೆ. ಯಂತ್ರದ ಮೂಲಕ ರಕ್ತವನ್ನು ಶುದ್ಧಿಗೊಳಿಸುವುದಾದರೆ ವಾರಕ್ಕೆ ಎರಡು ಮೂರು ಸಲ ಪಟ್ಟಣದ ಆಸ್ಪತ್ರೆಗೆ ಹೋಗಿಬರಬೇಕು. ಹೊಟ್ಟೆಯ ಒಳಪೊರೆಯನ್ನೇ ಜರಡಿಯಾಗಿ ಬಳಸುವ ಪೆರಿಟೋನಿಯಲ್ ಡಯಾಲಿಸಿಸ್ ವಿಧಾನವನ್ನಾದರೋ ಹಳ್ಳಿಯ ಮನೆಯಲ್ಲಿಯೇ ಅನುಸರಿಸಬಹುದು. ನಿಮ್ಮಲ್ಲಿ ಒಬ್ಬರಿಗೆ ವೈದ್ಯರು ಈ ವಿಧಾನವನ್ನು ಸೂಚಿಸಿದ್ದರೆ, ಮುಂದಿನ ಮಾತುಗಳನ್ನು ಪತಿ ಪತ್ನಿಯರಿಬ್ಬರೂ ಓದತಕ್ಕದ್ದು.

ಹೊಟ್ಟೆಗೆ ಅಳವಡಿಸಿದ ಮೆದುವಾದ ಕೊಳವೆಯ ಮೂಲಕ ಸಾಮಾನ್ಯವಾಗಿ ಎರಡು ಲೀಟರು ದ್ರಾವಣವನ್ನು ಒಳಗೆ ಬಿಟ್ಟು, ನಾಲ್ಕರಿಂದ ಆರು ಗಂಟೆಗಳ ತರುವಾಯ ಕಲ್ಮಶ ಸಹಿತವಾಗಿ ಹೊರಗೆ ಹರಿಸಿ, ಹೊಸ ದ್ರಾವಣವನ್ನು ತುಂಬುವುದೇ ಈ ಚಿಕಿತ್ಸೆ. ಅಮೆರಿಕದ ಆಸ್ಟಿನ್ ನಗರದಲ್ಲಿ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಎಂಬವರು 1976ರಲ್ಲಿ ಇದನ್ನು ರೂಪಿಸಿದಾಗ ದ್ರಾವಣವು ಗಾಜಿನ ಬಾಟಲಿಗಳಲ್ಲಿ ಬರುತ್ತಿತ್ತು. ಸೋಂಕು ಪದೇ ಪದೇ ತಗಲುತ್ತಿತ್ತು. ಈಗ ಬಳಕೆಯಲ್ಲಿರುವ ಜೋಡಿ ಚೀಲಗಳಿಂದ ಆ ಅಪಾಯವು ಬಹಳ ಕಡಿಮೆಯಾಗಿದೆ, ಆದರೆ ತೀರಿಹೋಗಿಲ್ಲ. ದಿನಕ್ಕೆ ಮೂರು ಸಲವೆಂದರೂ ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಸಲ ನೀವು ಆ ಕೊಳವೆಯ ಬಾಯನ್ನು ತೆರೆಯುತ್ತೀರಿ. ಒಂಬೈನೂರ ತೊಂಬತ್ತೊಂಬತ್ತು ಸಲ ಸರಿಯಾಗಿ ಮಾಡಿ ಒಂದು ಸಲ ಅಲಕ್ಷ್ಯ ಮಾಡಿದರೂ ಕ್ರಿಮಿಗೆ ಅಷ್ಟೇ ಸಾಕು.

ಸೋಂಕನ್ನು ತರುವ ಕ್ರಿಮಿಗಳು ಹೆಚ್ಚಾಗಿ ನಮ್ಮ ಚರ್ಮದ ಮೇಲೂ ಮೂಗಿನಲ್ಲೂ ನೆಲೆಸಿರುವಂಥವೇ. ಅಲ್ಲಿ ಅವುಗಳಿಂದ ಕೇಡಿಲ್ಲ. ಹೊಟ್ಟೆಯ ಪೊರೆಯೊಳಗಾದರೋ ಕ್ರಿಮಿಗಳಿಗೆ ಸಹಜವಾಗಿ ಪ್ರವೇಶವಿಲ್ಲ. ಅಲ್ಲಿ ಬೆಚ್ಚಗಿನ, ಸಕ್ಕರೆಯ ಅಂಶವಿರುವ ದ್ರಾವಣವು ನಿಂತಿರುವುದರಿಂದ ಒಳಹೊಕ್ಕ ಕೆಲವೇ ಕ್ರಿಮಿಗಳು ಬೇಗನೆ ವೃದ್ಧಿಯಾಗುತ್ತವೆ. ಆಗ ಪೊರೆಗೆ ಉರಿಯೂತವುಂಟಾಗುತ್ತದೆ. ಇದು ಮರುಕಳಿಸಿದರೆ ಪೊರೆಯು ದಪ್ಪವಾಗಿ ಜರಡಿಯ ಗುಣವನ್ನೇ ಕಳೆದುಕೊಳ್ಳಬಹುದು. ಕೆಲವೊಮ್ಮೆ ಪ್ರಾಣಕ್ಕೂ ಅಪಾಯವುಂಟು.

ಆದುದರಿಂದ ಚೀಲ ಬದಲಿಸುವ ಅರ್ಧ ಗಂಟೆಯ ಕಾಲ ಕೋಣೆಯ ಬಾಗಿಲು ಕಿಟಕಿಗಳನ್ನು ಮುಚ್ಚಿ, ಫ್ಯಾನನ್ನು ನಿಲ್ಲಿಸಿರಿ. ಬೆಕ್ಕು, ನಾಯಿ, ಕೋಳಿಗಳು ಆ ಕೋಣೆಗೆ ಎಂದೂ ಬರಕೂಡದು. ಬೆಕ್ಕು ಕೊಳವೆಯನ್ನು ಕಚ್ಚಿ ಸೋಂಕು ತಗಲಿದ ಪ್ರಸಂಗಗಳುಂಟು. ಕೋಣೆಯಲ್ಲಿರುವವರೆಲ್ಲರೂ ಮೂಗು ಬಾಯಿಗಳಿಗೆ ಮಾಸ್ಕ್ ಕಟ್ಟಿಕೊಳ್ಳಬೇಕು. ಉಂಗುರ, ಕೈಗಡಿಯಾರಗಳನ್ನು ತೆಗೆದಿಟ್ಟು, ಬಳೆಗಳನ್ನು ಮೇಲಕ್ಕೆ ಸರಿಸಿ, ಬೆರಳ ಸಂದುಗಳಿಗೂ ಉಗುರುಗಳಿಗೂ ಸಾಬೂನು ಹಚ್ಚಿ ಒಂದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಕೈ ತೊಳೆಯಿರಿ. ನಲ್ಲಿ ಇಲ್ಲದ ಮನೆಯಲ್ಲಿ ಬಕೆಟ್ಟಿನೊಳಗೆ ಕೈ ಅದ್ದದೆ, ಒಬ್ಬರು ಚೊಂಬಿನಿಂದ ನೀರು ಹೊಯ್ಯಲಿ, ಇನ್ನೊಬ್ಬರು ತೊಳೆದುಕೊಳ್ಳಲಿ. ತೊಳೆದ ಕೈಯನ್ನು ಸೀರೆಯ ಸೆರಗಿಗೋ ಹೆಗಲ ಮೇಲಿನ ಟವೆಲ್ಲಿಗೋ ಒರೆಸಿದರೆ ತೊಳೆದ ಶ್ರಮವೆಲ್ಲ ವ್ಯರ್ಥ. ಇದಕ್ಕೆಂದೇ ಒಗೆದು ಒಣಗಿಸಿದ ಬಟ್ಟೆಯನ್ನಿಟ್ಟುಕೊಳ್ಳಿರಿ; ಒದ್ದೆ ಕೈಯಿಂದ ಕ್ರಿಮಿಗಳು ಸುಲಭವಾಗಿ ದಾಟುತ್ತವೆ. ಇದೇ ಕಾರಣಕ್ಕೆ ದ್ರಾವಣದ ಚೀಲವನ್ನು ಬಿಸಿನೀರಿನಲ್ಲಿ ಮುಳುಗಿಸಿ ಬೆಚ್ಚಗೆ ಮಾಡುವುದು ಸಲ್ಲದು. ಜೋಡಿಸಿದ ಕೂಡಲೇ ಸ್ವಲ್ಪ ದ್ರಾವಣವನ್ನು ಖಾಲಿ ಚೀಲಕ್ಕೆ ಹರಿಸಿ ಕೊಳವೆಯನ್ನು ತೊಳೆಯುವ ಕ್ರಮವನ್ನು, ಎಷ್ಟೇ ಅವಸರವಿದ್ದರೂ ಬಿಡಬೇಡಿರಿ. ಕೂಡುವ ಜಾಗದಲ್ಲಿ ಸೇರಿದ ಕ್ರಿಮಿಗಳು ಹೊರಟುಹೋಗುವುದು ಹೀಗೆಯೇ.

ಇಷ್ಟು ಜಾಗ್ರತೆಯಿದ್ದರೂ ಒಮ್ಮೆ ಕೊಳವೆಯ ತುದಿ ಬೆರಳಿಗೆ ತಾಗೀತು, ನೆಲಕ್ಕೆ ಬಿದ್ದೀತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೈಯುವರೆಂಬ ಅಂಜಿಕೆಯಿಂದಲೋ, ಆಸ್ಪತ್ರೆಯ ಖರ್ಚಿಗೆ ಹೆದರಿಯೋ ಅನೇಕರು ಇದನ್ನು ಮುಚ್ಚಿಡುತ್ತಾರೆ. ತಪ್ಪಿಗಿಂತ ಮುಚ್ಚಿಟ್ಟ ತಪ್ಪೇ ಹೆಚ್ಚು ಹಾನಿಕರ. ಕೂಡಲೇ ಕ್ಲಾಂಪನ್ನು ಬಿಗಿದು, ದ್ರಾವಣವನ್ನು ಒಳಗೆ ಬಿಡದೆ, ಡಯಾಲಿಸಿಸ್ ಕೇಂದ್ರಕ್ಕೆ ದೂರವಾಣಿಯ ಮೂಲಕ ತಿಳಿಸಿರಿ. ಕೊಳವೆಯ ತುದಿಯನ್ನು ಬದಲಿಸಿ, ಅಗತ್ಯವಿದ್ದರೆ ಆಂಟಿಬಯಾಟಿಕ್ ಔಷಧಿ ಕೊಟ್ಟು ಅವರು ಸೋಂಕನ್ನು ತಡೆಯಬಲ್ಲರು. ಗಂಡನ ಚೀಲವನ್ನು ಹೆಂಡತಿ ಬದಲಿಸುವುದು ಎಲ್ಲೆಡೆ ಕಾಣುತ್ತದೆ; ರೋಗಿಯು ಹೆಂಡತಿಯಾದಾಗ ಗಂಡನೂ ಕಲಿಯುವುದು ಅಷ್ಟು ಸಾಮಾನ್ಯವಲ್ಲ. ಅವಳು ಜ್ವರದಿಂದ ಮಲಗಿದ ದಿನ, ಕಲಿಯದ ಕೈಗಳು ಚೀಲವನ್ನು ಮುಟ್ಟುವಂತಾಗಬಾರದು.

ಕೊಳವೆಯು ಹೊರಬರುವ ಜಾಗವನ್ನು ಕೇಂದ್ರದವರು ತೋರಿಸಿದಂತೆ ಶುಚಿಗೊಳಿಸಿ, ಅವರು ಕೊಟ್ಟ ಮುಲಾಮನ್ನು ಮಾತ್ರ ಹಚ್ಚಿರಿ. ಅರಿಸಿನ, ವಿಭೂತಿ, ಎಣ್ಣೆ, ಸೊಪ್ಪಿನ ರಸ ಬೇಡ. ಹಕ್ಕಳೆಯನ್ನು ಕೀಳಬೇಡಿರಿ. ಉಡಿದಾರ, ಸೀರೆಯ ಗಂಟು, ಪಂಚೆಯ ಕಟ್ಟು ಕೊಳವೆಯನ್ನು ಎಳೆಯದಂತೆ ಅದನ್ನು ಮೈಗೆ ಅಂಟಿಸಿರಿ. ಕೆರೆ, ಹೊಳೆ, ಕಲ್ಯಾಣಿಗಳಲ್ಲಿ ಮುಳುಗಿ ಸ್ನಾನ ಮಾಡಕೂಡದು. ಕೀವು ಕಂಡರೆ ವೈದ್ಯರಲ್ಲಿಗೆ ಹೋಗಿರಿ. ಮಲಬದ್ಧತೆಯನ್ನೂ ಅಲಕ್ಷಿಸಬೇಡಿರಿ, ಕರುಳಿನ ಕ್ರಿಮಿಗಳು ಪೊರೆಗೆ ದಾಟಲು ಅದು ಎಡೆಗೊಡುತ್ತದೆ.

ಹೊರಬಂದ ದ್ರಾವಣವನ್ನು ಪ್ರತಿ ಸಲವೂ ಬೆಳಕಿನಲ್ಲಿ ನೋಡುವುದು ಅವಶ್ಯ. ಚೀಲದ ಕೆಳಗೆ ವೃತ್ತಪತ್ರಿಕೆಯನ್ನಿಟ್ಟರೆ ಅಕ್ಷರಗಳು ಸ್ಪಷ್ಟವಾಗಿ ಕಾಣಬೇಕು. ತಿಳಿಹಳದಿಯ ಬದಲು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿದ್ದರೆ ಸೋಂಕು ತಗಲಿದೆಯೆಂದೇ ತಿಳಿದು ಹೊರಡಿರಿ. ಹೊಟ್ಟೆನೋವು, ಜ್ವರ ಬರಲೆಂದು ಕಾಯಬೇಡಿರಿ. ಜ್ವರವಿಲ್ಲದೆಯೂ ಸೋಂಕು ಇರಬಹುದು. ಮಬ್ಬಾದ ಚೀಲವನ್ನು ಚೆಲ್ಲದೆ ಜೊತೆಯಲ್ಲಿ ಒಯ್ಯಿರಿ. ಅದನ್ನು ಪರೀಕ್ಷಿಸಿದರೆ ಯಾವ ಕ್ರಿಮಿ, ಯಾವ ಔಷಧಿ ಎಂಬುದು ತಿಳಿಯುತ್ತದೆ. ಅಂಗಡಿಯ ಮಾತ್ರೆಯನ್ನು ನುಂಗಿ ಹೋದರೆ ಪರೀಕ್ಷೆಯಲ್ಲಿ ಕ್ರಿಮಿ ಸಿಕ್ಕದೆ ಹೋಗಬಹುದು. ಔಷಧಿಯನ್ನು ಹೆಚ್ಚಾಗಿ ದ್ರಾವಣದಲ್ಲಿಯೇ ಬೆರೆಸಿ ಎರಡು ಮೂರು ವಾರಗಳ ಕಾಲ ಕೊಡುತ್ತಾರೆ. ದ್ರಾವಣ ತಿಳಿಯಾಯಿತೆಂದು ನಡುವೆ ನಿಲ್ಲಿಸಬಾರದು.

ಇನ್ನು, ಕೇಳಲು ಸಂಕೋಚಪಡುವ ವಿಷಯ. ಈ ಸೋಂಕು ಗಂಡನಿಂದ ಹೆಂಡತಿಗಾಗಲಿ, ಹೆಂಡತಿಯಿಂದ ಗಂಡನಿಗಾಗಲಿ ಅಂಟುವುದಿಲ್ಲ. ದಾಂಪತ್ಯ ಜೀವನಕ್ಕೆ ಕೊಳವೆಯು ಅಡ್ಡಿಯಲ್ಲ, ಅದು ಎಳೆಯದಂತೆ ನೋಡಿಕೊಂಡರೆ ಸಾಕು. ಆದರೆ ವಂಕಿ ಹಾಕಿಸಿಕೊಳ್ಳುವ ಅಥವಾ ಗರ್ಭಕೋಶದ ಯಾವುದೇ ಚಿಕಿತ್ಸೆಗೆ ಹೋಗುವ ಮುನ್ನ, ಹೊಟ್ಟೆಯಲ್ಲಿ ಡಯಾಲಿಸಿಸ್ ಕೊಳವೆಯಿದೆಯೆಂದು ವೈದ್ಯರಿಗೆ ತಿಳಿಸತಕ್ಕದ್ದು. ಮುಂಚಿತವಾಗಿ ಔಷಧಿ ಕೊಡಬೇಕೆ ಎಂಬುದನ್ನು ಅವರು ನಿರ್ಧರಿಸುವರು.