ದಂತ ಚಿಕಿತ್ಸಾಲಯದ ಸಹಾಯಕರು: ನೋಂದಣಿ ಯಾರಿಗೆ, ಅನುಮತಿ ಯಾವ ಕೆಲಸಕ್ಕೆ?

ದಂತ ಚಿಕಿತ್ಸಾಲಯವನ್ನು ಆಶ್ರಯಿಸಿಕೊಂಡು ಹಲವು ಸಣ್ಣ ಉದ್ಯಮಗಳು ನಡೆಯುತ್ತವೆ. ಕುರ್ಚಿ, ಕಂಪ್ರೆಸರ್, ಆಟೋಕ್ಲೇವ್ ಮಾರುವ ವರ್ತಕರು, ಸಿಮೆಂಟು, ಅಳತೆಯ ಪುಡಿ, ಅಕ್ರಿಲಿಕ್ ಪೂರೈಸುವ ಸಗಟು ವ್ಯಾಪಾರಿಗಳು, ಹಲ್ಲಿನ ಸೆಟ್ಟು, ಕ್ಯಾಪು, ಬ್ರಿಜ್ಜು ತಯಾರಿಸುವ ಡೆಂಟಲ್ ಲ್ಯಾಬುಗಳು ಈ ಸಾಲಿನಲ್ಲಿ ಬರುತ್ತವೆ. ಚಿಕಿತ್ಸಾಲಯದೊಳಗೆ ಯಾರು ಯಾವ ಕೆಲಸ ಮಾಡಬಹುದು ಎಂಬುದು ವೈದ್ಯರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಈ ವರ್ತಕರಲ್ಲಿ ಬಹುಮಂದಿ ಭಾವಿಸಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಲ್ಯಾಬಿನ ಮಾಲೀಕ, ಅವನ ಬಳಿ ದುಡಿಯುವ ಕೆಲಸಗಾರ, ವೈದ್ಯರ ಪಕ್ಕದಲ್ಲಿ ನಿಂತು ನೆರವಾಗುವ ಸಹಾಯಕಿ, ಇವರೆಲ್ಲರೂ ಅದರ ವ್ಯಾಪ್ತಿಯಲ್ಲಿದ್ದಾರೆ. ರಾಷ್ಟ್ರೀಯ ದಂತ ಆಯೋಗ ಅಧಿನಿಯಮಕ್ಕೆ 2023ರ ಆಗಸ್ಟ್ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತ ಬಳಿಕ ಈ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳುವ ಅಗತ್ಯ ಹೆಚ್ಚಾಗಿದೆ.

ಮೂರು ಹೆಸರುಗಳು

ದಂತವೃತ್ತಿಯನ್ನು ಕಾನೂನಿನ ಚೌಕಟ್ಟಿಗೆ ತರುವ ಪ್ರಯತ್ನ ನಮ್ಮ ದೇಶದಲ್ಲಿ ಬಂಗಾಳ ಪ್ರಾಂತದ 1939ರ ಅಧಿನಿಯಮದೊಂದಿಗೆ ಆರಂಭವಾಯಿತು. ಇಡೀ ದೇಶಕ್ಕೆ ಅನ್ವಯಿಸುವ ವ್ಯವಸ್ಥೆ ಬಂದದ್ದು ದಂತವೈದ್ಯರ ಅಧಿನಿಯಮ, 1948ರ ಮೂಲಕ. ಮರುವರ್ಷ, 1949ರಲ್ಲಿ, ಭಾರತೀಯ ದಂತ ಪರಿಷತ್ತು ರಚನೆಗೊಂಡಿತು. ಈ ಅಧಿನಿಯಮವು ಮೂರು ಬಗೆಯ ವೃತ್ತಿಗಾರರನ್ನು ಹೆಸರಿಸಿತು. ಮೊದಲನೆಯವರು ದಂತವೈದ್ಯರು. ಎರಡನೆಯವರು ಡೆಂಟಲ್ ಹೈಜೀನಿಸ್ಟ್, ಅಂದರೆ ಹಲ್ಲುಗಳ ಮೇಲಿನ ಗಟ್ಟಿಕೊಳೆಯನ್ನು ಕೆರೆದು ತೆಗೆಯುವ, ಶುಚಿಗೊಳಿಸುವ, ಹೊಳಪು ಕೊಡುವ ಹಾಗೂ ದಂತ ನೈರ್ಮಲ್ಯದ ಬಗ್ಗೆ ತಿಳಿವಳಿಕೆ ನೀಡುವ ವ್ಯಕ್ತಿ. ಮೂರನೆಯವರು ಡೆಂಟಲ್ ಮೆಕ್ಯಾನಿಕ್. ಹಲ್ಲಿನ ಸೆಟ್ಟುಗಳನ್ನೂ ದಂತ ಸಾಧನಗಳನ್ನೂ ತಯಾರಿಸುವವರು ಇಲ್ಲವೇ ದುರಸ್ತಿ ಮಾಡುವವರು. ಈ ಮೂವರಿಗೂ ರಾಜ್ಯ ದಂತ ಪರಿಷತ್ತಿನಲ್ಲಿ ಪ್ರತ್ಯೇಕ ನೋಂದಣಿ ಪುಸ್ತಕಗಳಿರಬೇಕೆಂದು ವಿಧಿಸಲಾಯಿತು.

ನಾಲ್ಕನೆಯ ಹೆಸರೊಂದು ಅಲ್ಲಿ ಇರಲಿಲ್ಲ. ಬೆಳಗ್ಗೆ ಬಾಗಿಲು ತೆರೆದು, ಉಪಕರಣ ಕುದಿಸಿ, ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಬಾಯಿಯ ನೀರು ಹೀರುವ ನಳಿಕೆ ಹಿಡಿದು, ಸಿಮೆಂಟು ಕಲಸಿ ಕೊಡುವ ಸಹಾಯಕಿಗೆ ಅಧಿನಿಯಮದಲ್ಲಿ ಸ್ಥಾನವೇ ಸಿಗಲಿಲ್ಲ. ವಾಸ್ತವದಲ್ಲಿ ಊರಿನ ಬಹುಪಾಲು ಚಿಕಿತ್ಸಾಲಯಗಳಲ್ಲಿ ಕಾಣಸಿಗುವುದು ಇಂಥವರೇ. ಹೆಚ್ಚಿನವರು ಕೆಲಸಕ್ಕೆ ಸೇರಿದ ಮೇಲೆ ವೈದ್ಯರಿಂದಲೇ ಕಲಿತವರು. ಭಾರತೀಯ ದಂತ ಪರಿಷತ್ತು ತದನಂತರ ದಂತ ಶಸ್ತ್ರಕೊಠಡಿ ಸಹಾಯಕರ ಶಿಕ್ಷಣಕ್ರಮವೊಂದನ್ನು ರೂಪಿಸಿತು. ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯೂ ದಂತ ಸಹಾಯಕರ ತರಬೇತಿಗೆ ಪಠ್ಯಕ್ರಮ ಸಿದ್ಧಪಡಿಸಿತು. ಆದರೆ ಕೌಶಲದ ಪ್ರಮಾಣಪತ್ರ ಬೇರೆ, ವೃತ್ತಿ ನಡೆಸುವ ಪರವಾನಗಿ ಬೇರೆ. ಮೊದಲನೆಯದು ಅಭ್ಯರ್ಥಿಗೆ ಕೆಲಸ ಗೊತ್ತಿದೆ ಎನ್ನುತ್ತದೆ. ಆ ಕೆಲಸ ಮಾಡುವ ಹಕ್ಕನ್ನು ಎರಡನೆಯದು ಮಾತ್ರ ಕೊಡಬಲ್ಲದು. ತರಬೇತಿ ಕೇಂದ್ರಗಳ ಜಾಹೀರಾತುಗಳಲ್ಲಿ ಈ ವ್ಯತ್ಯಾಸ ಅನೇಕ ವೇಳೆ ಮಸುಕಾಗಿರುತ್ತದೆ.

ಗೆರೆ ಎಲ್ಲಿದೆ?

ಸಹಾಯಕರಿಗೆ ಅನುಮತಿ ಇರುವ ಕೆಲಸಗಳ ಪಟ್ಟಿಯನ್ನು 1948ರ ಅಧಿನಿಯಮ ಕೊಡಲಿಲ್ಲ. ಆದಕಾರಣ ‘ದಂತವೈದ್ಯಕೀಯ’ ಎಂಬ ಪದಕ್ಕೆ ಅದು ಕೊಟ್ಟ ವ್ಯಾಖ್ಯಾನವನ್ನು ಓದಿ, ಅದರಿಂದ ಹೊರಗೆ ಉಳಿಯುವುದು ಯಾವುದು ಎಂದು ಕಂಡುಕೊಳ್ಳಬೇಕಾಗುತ್ತದೆ. ಆ ವ್ಯಾಖ್ಯಾನ ಸಾಕಷ್ಟು ವಿಶಾಲವಾದುದು. ಹಲ್ಲು ಅಥವಾ ದವಡೆಯ ಮೇಲಿನ ಯಾವುದೇ ಶಸ್ತ್ರಕ್ರಿಯೆ ಮತ್ತು ಚಿಕಿತ್ಸೆ, ಅದಕ್ಕಾಗಿ ಕೊಡುವ ಅರಿವಳಿಕೆ, ಕೃತಕ ದಂತಗಳ ರಚನೆ ಇವೆಲ್ಲ ಅದರಲ್ಲಿ ಸೇರಿವೆ. ಇಷ್ಟನ್ನು ಯಾರಾದರೂ ಊಹಿಸಬಹುದು. ಊಹೆಗೆ ಸುಲಭವಾಗಿ ಬಾರದ ಅಂಶಗಳು ಇನ್ನೆರಡಿವೆ.

ಮೊದಲನೆಯದು ಎಕ್ಸ್‌ರೇ. ಹಲ್ಲು, ದವಡೆ ಮತ್ತು ಬಾಯಿಗೆ ಸಂಬಂಧಿಸಿದ ಎಕ್ಸ್‌ರೇ ಕೆಲಸವೂ ದಂತವೈದ್ಯಕೀಯದ ಭಾಗವೆಂದೇ ವ್ಯಾಖ್ಯಾನ ಹೇಳಿತು. ಗುಂಡಿ ಒತ್ತುವುದರಲ್ಲಿ ಏನಿದೆ ಎಂದು ಹೊಸ ಸಹಾಯಕರ ಕೈಗೆ ಯಂತ್ರವನ್ನು ಒಪ್ಪಿಸುವ ರೂಢಿ ಈ ದೃಷ್ಟಿಯಿಂದ ಸರಿಯಲ್ಲ. ಇದಲ್ಲದೆ, ಎಕ್ಸ್‌ರೇ ಯಂತ್ರಗಳು ಪರಮಾಣು ಶಕ್ತಿ (ವಿಕಿರಣ ರಕ್ಷಣೆ) ನಿಯಮಗಳು, 2004ಕ್ಕೆ ಒಳಪಟ್ಟಿದ್ದು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮೇಲ್ವಿಚಾರಣೆಯಲ್ಲಿವೆ. ಎರಡನೆಯದು, ಕೃತಕ ಹಲ್ಲು ಕೂರಿಸುವುದಕ್ಕೆ, ತಯಾರಿಸುವುದಕ್ಕೆ ಇಲ್ಲವೇ ದುರಸ್ತಿಗೆ ಪೂರ್ವಭಾವಿಯಾಗಿ ವ್ಯಕ್ತಿಯ ಮೇಲೆ ನಡೆಸುವ ಕ್ರಿಯೆ, ಕೊಡುವ ಸಲಹೆ. ಸರಳವಾಗಿ ಹೇಳುವುದಾದರೆ ಬಾಯಿಯ ಅಳತೆ ತೆಗೆಯುವುದೂ ದಂತವೈದ್ಯರ ಕೆಲಸವೇ.

ಹಾಗಾದರೆ ನೋಂದಣಿಯಿಲ್ಲದ ಸಹಾಯಕರಿಗೆ ಉಳಿಯುವುದೇನು? ಉಪಕರಣಗಳ ಶುದ್ಧೀಕರಣ, ಸಾಮಗ್ರಿ ಕಲಸಿ ಕೊಡುವುದು, ಉಪಕರಣ ಎತ್ತಿ ಕೊಡುವುದು, ವೈದ್ಯರು ಕೆಲಸ ಮಾಡುವಾಗ ನಳಿಕೆ ಹಿಡಿಯುವುದು, ರೋಗಿಯ ಕಡತ, ಸಮಯ ನಿಗದಿ, ದಾಸ್ತಾನಿನ ಲೆಕ್ಕ. ಇವು ಕಡಿಮೆ ಕೆಲಸಗಳಲ್ಲ. ಚಿಕಿತ್ಸಾಲಯದ ದಿನಚರಿ ಇವುಗಳ ಮೇಲೆಯೇ ನಿಂತಿದೆ. ಆದರೆ ಸಹಾಯಕಿಯು ಸ್ಕೇಲಿಂಗ್ ಯಂತ್ರದ ತುದಿಯನ್ನು ರೋಗಿಯ ಹಲ್ಲಿಗೆ ತಾಗಿಸಿದ ಕ್ಷಣದಿಂದ ಅದು ಹೈಜೀನಿಸ್ಟರ ಕೆಲಸವಾಗುತ್ತದೆ.

ಉಲ್ಲಂಘನೆಗೆ 49ನೆಯ ಪ್ರಕರಣವು ಮೊದಲ ಸಲ 500 ರೂಪಾಯಿವರೆಗಿನ ದಂಡವನ್ನೂ, ಪುನರಾವರ್ತನೆಯಾದಲ್ಲಿ ಆರು ತಿಂಗಳವರೆಗಿನ ಸೆರೆವಾಸ ಅಥವಾ 1,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಿತು. ಇದೇ ಪ್ರಕರಣದಲ್ಲಿ ಕುತೂಹಲಕರವಾದ ಒಂದು ವಿನಾಯಿತಿಯೂ ಇತ್ತು: ತುರ್ತು ಸಂದರ್ಭದಲ್ಲಿ, ನೋಂದಾಯಿತ ದಂತವೈದ್ಯರು ಲಭ್ಯವಿಲ್ಲದಿದ್ದರೆ, ಅರಿವಳಿಕೆ ಕೊಡದೆ ಯಾರು ಬೇಕಾದರೂ ಹಲ್ಲು ಕೀಳಬಹುದಾಗಿತ್ತು. ವೈದ್ಯರೇ ಇಲ್ಲದ ಊರುಗಳ ಕಾಲಕ್ಕೆ ಬರೆದ ಮಾತು ಅದು. 1948ರಲ್ಲಿ 500 ರೂಪಾಯಿ ದೊಡ್ಡ ಮೊತ್ತವಾಗಿತ್ತು. ಬೆಲೆ ಏರಿದಂತೆ ಅದು ಯಾರನ್ನೂ ಹೆದರಿಸದ ಮೊತ್ತವಾಯಿತು. ಗೆರೆ ದಾಟುವ ಅಭ್ಯಾಸ ಬೆಳೆಯಲು ಇದೂ ಒಂದು ಕಾರಣವೆನ್ನಬೇಕು.

ದಂಡ ಅಲ್ಪವಾದರೂ ವೈದ್ಯರ ಮೇಲಿನ ಹೊಣೆ ಅಲ್ಪವಲ್ಲ. ದಂತವೈದ್ಯರ ನೀತಿಸಂಹಿತೆಯ 1976ರ ನಿಯಮಾವಳಿಯು, ನೋಂದಾಯಿತ ಹೈಜೀನಿಸ್ಟ್ ಅಥವಾ ಮೆಕ್ಯಾನಿಕ್ ಅಲ್ಲದ, ದಂತವೈದ್ಯರ ಪುಸ್ತಕದಲ್ಲೂ ಹೆಸರಿಲ್ಲದ ವೃತ್ತಿಪರ ಸಹಾಯಕರನ್ನು ನೇಮಿಸಿಕೊಳ್ಳುವುದನ್ನು ಅನೈತಿಕ ನಡತೆಯೆಂದು ಪರಿಗಣಿಸಿತು. ಈ ನಿಯಮಾವಳಿಯ ಸ್ಥಾನದಲ್ಲಿ 2014ರಲ್ಲಿ ಪರಿಷ್ಕೃತ ಸಂಹಿತೆ ಬಂದಿತು. ಸಹಾಯಕಿ ಗೆರೆ ದಾಟಿದರೆ ಅಪಾಯಕ್ಕೆ ಸಿಲುಕುವುದು ವೈದ್ಯರ ನೋಂದಣಿಯೂ ಹೌದು.

ಲ್ಯಾಬುಗಳ ಪರಿಸ್ಥಿತಿ

ಸಣ್ಣ ತಯಾರಕರಿಗೆ ಹೆಚ್ಚು ಸಂಬಂಧಿಸಿದ ಭಾಗ ಇದು. 49ನೆಯ ಪ್ರಕರಣವು ಸೆಟ್ಟು ಮತ್ತು ದಂತ ಸಾಧನಗಳನ್ನು ತಯಾರಿಸುವ, ದುರಸ್ತಿ ಮಾಡುವ ವೃತ್ತಿಯನ್ನೂ ನೋಂದಾಯಿತರಿಗೆ ಮೀಸಲಿಟ್ಟಿತು. ವೃತ್ತಿ ನಡೆಸುವುದಷ್ಟೇ ಅಲ್ಲ, ನಡೆಸಲು ಸಿದ್ಧನೆಂದು ಯಾವುದೇ ರೀತಿಯಲ್ಲಿ ಸೂಚಿಸುವುದನ್ನೂ ಅದು ನಿಷೇಧಿಸಿತು. ಆದ್ದರಿಂದ ಅಂಗಡಿಯ ಫಲಕ ಮತ್ತು ಭೇಟಿ ಚೀಟಿ ಎರಡೂ ಇಲ್ಲಿ ಸಾಕ್ಷ್ಯವಾಗಬಲ್ಲವು.

ಒಂದು ಸಾಮಾನ್ಯ ಸನ್ನಿವೇಶವನ್ನು ಗಮನಿಸಬಹುದು. ವೃದ್ಧರೊಬ್ಬರು ಮುರಿದ ಸೆಟ್ಟನ್ನು ಕಾಗದದಲ್ಲಿ ಸುತ್ತಿಕೊಂಡು ನೇರವಾಗಿ ಲ್ಯಾಬಿಗೆ ಬರುತ್ತಾರೆ. ವೈದ್ಯರ ಬಳಿಗೆ ಹೋದರೆ ಖರ್ಚು ಹೆಚ್ಚು, ಇಲ್ಲಿಯೇ ಸರಿಮಾಡಿ ಕೊಡಿ ಎನ್ನುತ್ತಾರೆ. ಮುರಿದ ಎರಡು ತುಂಡುಗಳನ್ನು ಜೋಡಿಸುವುದು ಮೆಕ್ಯಾನಿಕ್ ಕೆಲಸದ ವ್ಯಾಪ್ತಿಗೆ ಸೇರಿದುದು. ಜೋಡಿಸಿದ ಸೆಟ್ಟನ್ನು ಅವರ ಬಾಯಿಗಿಟ್ಟು, ಒತ್ತುವ ಜಾಗವನ್ನು ಉಜ್ಜಿ ಸರಿಪಡಿಸಿದರೆ, ಅಥವಾ ಸಡಿಲವಾಗಿದೆಯೆಂದು ಹೊಸದಾಗಿ ಅಳತೆ ತೆಗೆದರೆ, ಅದು ದಂತವೈದ್ಯಕೀಯದ ವ್ಯಾಖ್ಯಾನದೊಳಗೆ ಬರುತ್ತದೆ. ಮೆಕ್ಯಾನಿಕ್ ಆಗಿ ನೋಂದಣಿ ಪಡೆದಿದ್ದರೂ ಅದಕ್ಕೆ ಅನುಮತಿಯಿಲ್ಲ. ಗಿರಾಕಿಯ ಮೇಲಿನ ಕರುಣೆಯಿಂದ ಮಾಡಿದ್ದು ಎಂಬ ಸಮರ್ಥನೆ ವಿಚಾರಣೆಯಲ್ಲಿ ನಿಲ್ಲುವುದು ಕಷ್ಟ. ಇದರಲ್ಲಿ ಅರ್ಥವಿಲ್ಲದೆ ಇಲ್ಲ: ಬಹುಕಾಲ ಒತ್ತಿ ಹುಣ್ಣಾದ ಜಾಗ ಬರೀ ಹುಣ್ಣೋ ಅದಕ್ಕಿಂತ ಗಂಭೀರವಾದುದೋ ಎಂದು ನೋಡುವ ತರಬೇತಿ ಲ್ಯಾಬಿನವರಿಗೆ ಇರುವುದಿಲ್ಲ. ತಂಬಾಕು ಅಗಿಯುವ ರೂಢಿ ವ್ಯಾಪಕವಾಗಿರುವ ನಾಡಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ.

ಡೆಂಟಲ್ ಮೆಕ್ಯಾನಿಕ್ ಹಾಗೂ ಹೈಜೀನಿಸ್ಟ್ ಶಿಕ್ಷಣಕ್ರಮಗಳು ಎರಡು ವರ್ಷಗಳ ಅವಧಿಯವು. ತಂದೆಯಿಂದಲೋ ಹಳೆಯ ಮಾಲೀಕರಿಂದಲೋ ಮೇಣ ಕೆತ್ತುವುದನ್ನು ಕಲಿತು ಇಪ್ಪತ್ತು ವರ್ಷ ದುಡಿದವರಿಗೆ ಈ ಪ್ರಮಾಣಪತ್ರ ಇರುವುದಿಲ್ಲ. ಅವರ ಕೈಕೆಲಸ ಪದವೀಧರರಿಗಿಂತ ಉತ್ತಮವಾಗಿರಬಹುದು. ಕಾಗದದ ಮೇಲೆ ಅದಕ್ಕೆ ಬೆಲೆಯಿಲ್ಲ. ಲ್ಯಾಬನ್ನು ವಿಸ್ತರಿಸಲು ಹೊರಟವರು ಕನಿಷ್ಠ ಮುಂದಿನ ತಲೆಮಾರಿನ ಕೆಲಸಗಾರರನ್ನಾದರೂ ಶಿಕ್ಷಣಕ್ರಮಕ್ಕೆ ಕಳುಹಿಸುವುದು ಒಳಿತು.

ಲ್ಯಾಬುಗಳಿಗೆ ಇನ್ನೊಂದು ನಿಯಮಾವಳಿಯೂ ತಿಳಿದಿರಬೇಕು. ವೈದ್ಯಕೀಯ ಸಾಧನಗಳ ನಿಯಮಗಳು, 2017ರಲ್ಲಿ, ವೈದ್ಯರ ಲಿಖಿತ ಸೂಚನೆಯ ಮೇರೆಗೆ ಒಬ್ಬ ನಿರ್ದಿಷ್ಟ ರೋಗಿಗೆಂದೇ ತಯಾರಿಸಿದ ಸಾಧನಕ್ಕೆ ಪ್ರತ್ಯೇಕ ಸ್ಥಾನವಿದೆ. ಸಗಟು ತಯಾರಿಕೆಗೆ ಅದು ಅನ್ವಯಿಸುವುದಿಲ್ಲ. ಆ ಲಿಖಿತ ಸೂಚನೆಯೇ ಲ್ಯಾಬಿನ ರಕ್ಷಣೆ. ಫೋನಿನಲ್ಲಿ ಹೇಳಿದ ಬಣ್ಣ, ಅಳತೆಗಳ ಮೇಲೆ ಕೆಲಸ ನಡೆಸುವವರು ವೈದ್ಯರ ಸಹಿಯುಳ್ಳ ಚೀಟಿಯನ್ನು ಪ್ರತಿ ಕೆಲಸಕ್ಕೂ ಪಡೆದು ಇರಿಸಿಕೊಳ್ಳತಕ್ಕದ್ದು. ಸಾಧನಗಳನ್ನು ಮಾರುವ ವರ್ತಕರಿಗೆ 2022ರ ತಿದ್ದುಪಡಿ ತಂದ ನೋಂದಣಿಯದು ಬೇರೆಯೇ ಲೇಖನಕ್ಕೆ ತಕ್ಕ ವಿಷಯ.

ಸೌಂದರ್ಯ ಮಳಿಗೆಗಳಲ್ಲಿ ಹಲ್ಲು ಬಿಳುಪುಗೊಳಿಸುವ ಸೇವೆ ಆರಂಭಿಸಲು ಬಯಸುವವರೂ 1948ರ ಅಧಿನಿಯಮ ಹೈಜೀನಿಸ್ಟರಿಗೆ ಕೊಟ್ಟ ವ್ಯಾಖ್ಯಾನವನ್ನು ಓದಿಕೊಳ್ಳಬೇಕು. ಹಲ್ಲನ್ನು ಶುಚಿಗೊಳಿಸುವುದು, ಹೊಳಪು ಕೊಡುವುದು ಎಂಬ ಪದಗಳು ನೇರವಾಗಿ ಅಲ್ಲಿವೆ.

ಹೊರದೇಶದ ಒಂದು ಮಾದರಿ

ಬ್ರಿಟನ್ನಿನಲ್ಲಿ ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಲಾಯಿತು. ಅಲ್ಲಿನ ಜನರಲ್ ಡೆಂಟಲ್ ಕೌನ್ಸಿಲ್ 2006ರಲ್ಲಿ ದಂತ ದಾದಿಯರಿಗೂ ಲ್ಯಾಬ್ ತಂತ್ರಜ್ಞರಿಗೂ ನೋಂದಣಿ ತೆರೆಯಿತು. ಎರಡು ವರ್ಷಗಳ ಅವಕಾಶದಲ್ಲಿ ಅನುಭವದ ಆಧಾರದ ಮೇಲೆಯೂ ಹೆಸರು ದಾಖಲಿಸಿಕೊಳ್ಳಬಹುದಿತ್ತು. 2008ರ ಜುಲೈ ಅಂತ್ಯದ ಬಳಿಕ, ತರಬೇತಿಯಲ್ಲಿರುವವರ ಹೊರತು, ನೋಂದಣಿಯಿಲ್ಲದೆ ಯಾರೂ ಆ ಕೆಲಸ ಮಾಡುವಂತಿಲ್ಲ. ಹೀಗೆ ಹೊಣೆ ಹೊರಿಸಿದ ಮೇಲೆ ಅನುಮತಿಯನ್ನೂ ವಿಸ್ತರಿಸಲಾಯಿತು. ಹೆಚ್ಚುವರಿ ತರಬೇತಿ ಪಡೆದ ದಂತ ದಾದಿಯರು ಎಕ್ಸ್‌ರೇ ತೆಗೆಯಬಹುದು, ವೈದ್ಯರ ಸೂಚನೆಯಂತೆ ಬಾಯಿಯ ಅಳತೆ ತೆಗೆಯಬಹುದು. ಚಿಕಿತ್ಸಾ ತರಬೇತಿ ಪಡೆದ ತಂತ್ರಜ್ಞರು, ಹಲ್ಲುಗಳೇ ಇಲ್ಲದ ವ್ಯಕ್ತಿಗೆ ನೇರವಾಗಿ ಪೂರ್ಣ ಸೆಟ್ಟನ್ನು ಮಾಡಿಕೊಡಬಹುದು. ನಮ್ಮಲ್ಲಿ ಲ್ಯಾಬಿನವರಿಗೆ ನಿಷಿದ್ಧವಾದ ಕೆಲಸ ಅಲ್ಲಿ ಒಂದು ಅರ್ಹತೆಯ ಹಿಂದೆ ತೆರೆದುಕೊಂಡಿದೆ. ಅನುಭವಿಗಳನ್ನು ಹೊರದಬ್ಬದೆ ಒಳಗೆ ತಂದದ್ದು ಆ ವ್ಯವಸ್ಥೆಯ ಗಮನಾರ್ಹ ಅಂಶ.

2023ರ ಅಧಿನಿಯಮ

1948ರ ವ್ಯವಸ್ಥೆಯ ಸ್ಥಾನದಲ್ಲಿ ಸಂಸತ್ತು ರೂಪಿಸಿದ ರಾಷ್ಟ್ರೀಯ ದಂತ ಆಯೋಗದ ಅಡಿಯಲ್ಲಿ ಮೂರು ಮಂಡಳಿಗಳಿವೆ: ಶಿಕ್ಷಣಕ್ಕೆ ಒಂದು, ಕಾಲೇಜುಗಳ ಮೌಲ್ಯಮಾಪನಕ್ಕೆ ಒಂದು, ನೀತಿಸಂಹಿತೆ ಹಾಗೂ ನೋಂದಣಿಗೆ ಒಂದು. ವರ್ತಕರು ಗಮನಿಸಬೇಕಾದದ್ದು ಮೂರನೆಯದನ್ನು. ದಂತವೈದ್ಯರದ್ದಲ್ಲದೆ ದಂತ ಸಹಾಯಕ ವೃತ್ತಿಗಾರರ ರಾಷ್ಟ್ರೀಯ ನೋಂದಣಿಯನ್ನೂ ಗಣಕೀಕೃತ ರೂಪದಲ್ಲಿ ನಿರ್ವಹಿಸುವ, ವೃತ್ತಿಯ ನಡತೆ ಮತ್ತು ಕಾರ್ಯವ್ಯಾಪ್ತಿಯನ್ನು ನಿಯಂತ್ರಿಸುವ ಅಧಿಕಾರ ಅದಕ್ಕಿದೆ. ನೋಂದಣಿ ಪುಸ್ತಕ ರಾಜ್ಯ ಪರಿಷತ್ತಿನ ಕಪಾಟಿನಲ್ಲಿದ್ದಾಗ ಯಾರೂ ತೆರೆದು ನೋಡುತ್ತಿರಲಿಲ್ಲ. ಗಣಕದಲ್ಲಿ ಹುಡುಕಬಹುದಾದಾಗ ರೋಗಿಯೂ, ಸಾಲ ಕೊಡುವ ಬ್ಯಾಂಕೂ, ಸ್ಪರ್ಧಿಯೂ ಹುಡುಕುತ್ತಾರೆ. ಯಾವ ಅರ್ಹತೆಗೆ ಯಾವ ಕೆಲಸ ಎಂಬ ವಿವರ ಆಯೋಗದ ನಿಯಮಾವಳಿಗಳಿಂದ ನಿರ್ಧಾರವಾಗುವಂಥದು. ಆದ್ದರಿಂದ ಶಿಕ್ಷಣಕ್ರಮಕ್ಕೆ ಹಣ ಕಟ್ಟುವ ಮುನ್ನ ಅದು ಆ ನಿಯಮಾವಳಿಯಲ್ಲಿ ಮಾನ್ಯವೇ ಎಂದು ನೋಡಬೇಕು, ತರಬೇತಿ ಕೇಂದ್ರದ ಮಾತನ್ನಷ್ಟೇ ನಂಬಬಾರದು. ಕೆಲಸಗಾರರು ಸೇರಿದ ದಿನಾಂಕ, ವೇತನ ಪಾವತಿ, ಪಡೆದ ತರಬೇತಿಯ ದಾಖಲೆಗಳನ್ನು ಮಾಲೀಕರು ಈಗಿನಿಂದಲೇ ಕ್ರಮವಾಗಿ ಇರಿಸಿದರೆ ಅನುಭವವನ್ನು ರುಜುವಾತುಪಡಿಸುವ ಸಂದರ್ಭ ಬಂದಾಗ ನೆರವಾಗುತ್ತದೆ.

ನೋಂದಣಿಯ ಮಾತು ಹೇಗೇ ಇರಲಿ, ಒಂದು ಕರ್ತವ್ಯಕ್ಕೆ ಯಾವ ನಿಯಮಾವಳಿಗೂ ಕಾಯಬೇಕಿಲ್ಲ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣೆ ನಿಯಮಗಳು, 2016 ದಂತ ಚಿಕಿತ್ಸಾಲಯಗಳಿಗೂ ಅನ್ವಯಿಸುತ್ತವೆ. ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬ ಕೆಲಸಗಾರರಿಗೂ, ಅವರಿಗೆ ಪದವಿಯಿರಲಿ ಇಲ್ಲದಿರಲಿ, ಸೇರುವಾಗ ಮತ್ತು ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಿಸುವುದು, ಹೆಪಟೈಟಿಸ್ ಬಿ ಹಾಗೂ ಧನುರ್ವಾಯು ಲಸಿಕೆ ಹಾಕಿಸುವುದು ಮಾಲೀಕರ ಜವಾಬ್ದಾರಿ. ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಳ್ಳುವವರು ಹೆಚ್ಚಾಗಿ ಈ ಸಹಾಯಕರೇ. ಹೆಪಟೈಟಿಸ್ ಬಿ ಲಸಿಕೆಯನ್ನು ಆರು ತಿಂಗಳ ಅವಧಿಯಲ್ಲಿ ಮೂರು ಬಾರಿ ಹಾಕಿಸಬೇಕು. ಮೊದಲನೆಯದನ್ನು ಹಾಕಿಸಿ ಮರೆತುಬಿಡುವುದೇ ಸಾಮಾನ್ಯವಾಗಿ ಕಂಡುಬರುವ ಲೋಪ. ಮೂರೂ ದಿನಾಂಕಗಳನ್ನು ಹಾಜರಿ ಪುಸ್ತಕದಲ್ಲಿಯೇ, ಹೆಸರಿನ ಮುಂದೆ ಬರೆದಿರಿಸುವುದು ಸುಲಭದ ಕ್ರಮ.