ಬಿಳಿಯ ರಕ್ತಕಣದ ಕಿಣ್ವ ಮತ್ತು ಅದರ ಅಂಕುಶ

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ವೈದ್ಯಶಾಸ್ತ್ರದಲ್ಲಿಯೂ ನಿದರ್ಶನಗಳುಂಟು. ಬಿಳಿಯ ರಕ್ತಕಣದಲ್ಲಿರುವ ಎಲಾಸ್ಟೇಸ್ ಎಂಬ ಕಿಣ್ವದ ವೃತ್ತಾಂತವು ಅಂತಹವುಗಳಲ್ಲೊಂದು.

ಬಿಳಿಯ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ವರ್ಗವೇ ಸಂಖ್ಯೆಯಲ್ಲಿ ಮಿಗಿಲು. ರೋಗಾಣುಗಳು ಹೊಕ್ಕೆಡೆಗೆ ಮೊದಲು ಧಾವಿಸುವವು ಇವೇ. ನುಂಗಿದ ರೋಗಾಣುವಿನ ಪ್ರೋಟೀನುಗಳನ್ನು ಕತ್ತರಿಸಲು ಇವು ಎಲಾಸ್ಟೇಸನ್ನು ಬಳಸುತ್ತವೆ. ಆದರೆ ಅದೇ ಕಿಣ್ವವು ಎಲಾಸ್ಟಿನ್ ಎಂಬ ನಾರನ್ನೂ ಕತ್ತರಿಸಬಲ್ಲುದು. ಶ್ವಾಸಕೋಶದ ಗಾಳಿಗೂಡುಗಳು ಹಿಗ್ಗಿ ಮತ್ತೆ ಕುಗ್ಗುವುದು ಈ ನಾರಿನ ಬಲದಿಂದ. ಅದು ಹರಿದರೆ ಗೂಡುಗಳ ಗೋಡೆಗಳು ನಶಿಸಿ, ಸಣ್ಣವು ಕೂಡಿ ದೊಡ್ಡ ಪೊಳ್ಳುಗಳಾಗುತ್ತವೆ; ಒಳಹೋದ ಗಾಳಿಯು ಸರಾಗವಾಗಿ ಹೊರಬರಲಾರದು. ಇದೇ ಎಂಫಿಸೀಮ ಎಂಬ ವ್ಯಾಧಿ. ಇದರಲ್ಲಿ ನಷ್ಟವಾದುದನ್ನು ಮರಳಿ ಬೆಳೆಸುವ ಔಷಧವಿಲ್ಲ.

ಈ ಸಂಬಂಧದ ಸುಳಿವು ದೊರೆತ ರೀತಿ ಕುತೂಹಲಕರವಾಗಿದೆ. ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಲೌರೆಲ್ ಮತ್ತು ಎರಿಕ್‌ಸನ್ ಎಂಬ ವೈದ್ಯರು, ವಿದ್ಯುತ್ತಿನ ಸಹಾಯದಿಂದ ಪಟ್ಟೆಪಟ್ಟೆಯಾಗಿ ಬೇರ್ಪಡಿಸಿದ ಸುಮಾರು 1,500 ರಕ್ತರಸದ ನಮೂನೆಗಳನ್ನು ಪರಿಶೀಲಿಸಿದರು. ಐದು ನಮೂನೆಗಳಲ್ಲಿ ಒಂದು ಪಟ್ಟೆಯೇ ಇರಲಿಲ್ಲ. ಆ ಐವರಲ್ಲಿ ಮೂವರಿಗೆ ಎಂಫಿಸೀಮ ಇದ್ದಿತು. 1963ರಲ್ಲಿ ಪ್ರಕಟವಾದ ಈ ಶೋಧದಿಂದ ಕಾಣೆಯಾಗಿದ್ದ ವಸ್ತುವಿನ ಮಹತ್ತ್ವ ತಿಳಿಯಿತು. ಅದು ಯಕೃತ್ತು ತಯಾರಿಸುವ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು. ಅದೇ ದಶಕದಲ್ಲಿ, ಪರಂಗಿ ಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವವನ್ನು ಇಲಿಗಳ ಶ್ವಾಸಕೋಶಕ್ಕೆ ಸೇರಿಸಿದಾಗ ಎಂಫಿಸೀಮ ಉಂಟಾಯಿತು. 1968ರಲ್ಲಿ ಜ್ಯಾನಾಫ್ ಮತ್ತು ಷೆರರ್ ಎಂಬವರು ಮಾನವನ ನ್ಯೂಟ್ರೋಫಿಲ್‌ಗಳಲ್ಲಿಯೇ ಎಲಾಸ್ಟಿನ್ನನ್ನು ಕರಗಿಸುವ ಶಕ್ತಿಯುಂಟೆಂದು ತೋರಿಸಿದರು. ಹೀಗೆ ಕತ್ತರಿಸುವ ಕಿಣ್ವವೊಂದು, ತಡೆಯುವ ಪ್ರೋಟೀನೊಂದು, ಇವೆರಡರ ಸಮತೂಕವೇ ಶ್ವಾಸಕೋಶದ ಕ್ಷೇಮ ಎಂಬ ಸಿದ್ಧಾಂತವು ರೂಪುಗೊಂಡಿತು.

ತಡೆಯುವ ಬಗೆಯೂ ಸ್ವಾರಸ್ಯಕರ. ಆಂಟಿಟ್ರಿಪ್ಸಿನ್ ತನ್ನ ಒಂದು ಕುಣಿಕೆಯನ್ನು ಆಹಾರದಂತೆ ಒಡ್ಡುತ್ತದೆ. ಎಲಾಸ್ಟೇಸ್ ಅದನ್ನು ಕತ್ತರಿಸಿದೊಡನೆ ಪ್ರೋಟೀನಿನ ಆಕಾರವೇ ಬದಲಾಗಿ, ಇಲಿಬೋನಿಗೆ ಸಿಕ್ಕ ಇಲಿಯಂತೆ ಕಿಣ್ವವು ಸೆರೆಯಾಗುತ್ತದೆ. ತಂಬಾಕಿನ ಹೊಗೆಯು ಈ ಕುಣಿಕೆಯ ಮರ್ಮಸ್ಥಾನವನ್ನೇ ಆಕ್ಸಿಡೀಕರಿಸಿ ಬೋನನ್ನು ಕೆಡಿಸುತ್ತದೆ; ಜೊತೆಗೆ ನ್ಯೂಟ್ರೋಫಿಲ್‌ಗಳನ್ನು ಶ್ವಾಸಕೋಶಕ್ಕೆ ಸೆಳೆಯುತ್ತದೆ. ಬೀಡಿ ಸಿಗರೇಟು ಸೇದುವವನು, ಹುಟ್ಟಿನಿಂದ ಯಾವ ಕೊರತೆಯಿಲ್ಲದಿದ್ದರೂ, ವೆಚ್ಚವನ್ನು ಹೆಚ್ಚಿಸಿ ಜಮೆಯನ್ನು ತಗ್ಗಿಸಿಕೊಂಡಂತಾಯಿತು.

ಹುಟ್ಟಿನಿಂದಲೇ ಬರುವ ಕೊರತೆಯು ಉತ್ತರ ಯೂರೋಪಿನ ಮೂಲದವರಲ್ಲಿ ಹೆಚ್ಚು. ಅದರ ತೀವ್ರ ರೂಪದಲ್ಲಿ ಪ್ರೋಟೀನಿನ ಒಂದೇ ಒಂದು ಅಮೈನೋ ಆಮ್ಲವು ಬದಲಾಗಿರುತ್ತದೆ. ಆಗ ಅದು ಯಕೃತ್ತಿನ ಕೋಶಗಳಲ್ಲಿಯೇ ಮುದ್ದೆಗಟ್ಟಿ ಉಳಿಯುವುದರಿಂದ ಶ್ವಾಸಕೋಶವು ಕಾವಲನ್ನು ಕಳೆದುಕೊಳ್ಳುತ್ತದೆ, ಯಕೃತ್ತೂ ರೋಗಕ್ಕೀಡಾಗಬಹುದು. ದಾನಿಗಳ ರಕ್ತದಿಂದ ಬೇರ್ಪಡಿಸಿದ ಆಂಟಿಟ್ರಿಪ್ಸಿನ್ನನ್ನು ಇಂತಹ ರೋಗಿಗಳಿಗೆ ಕೊಡಲು ಅಮೆರಿಕವು 1987ರಲ್ಲಿ ಅನುಮತಿಯಿತ್ತಿತು. ಇದು ಶ್ವಾಸಕೋಶದ ಹಾನಿಯ ವೇಗವನ್ನು ತಗ್ಗಿಸೀತು, ಆಗಿಹೋದುದನ್ನು ಸರಿಪಡಿಸದು, ಯಕೃತ್ತಿಗೆ ಇದರಿಂದ ಪ್ರಯೋಜನವಿಲ್ಲ.

ಮತ್ತೊಂದು ಮಾರ್ಗವೆಂದರೆ ಕಿಣ್ವವನ್ನೇ ತಗ್ಗಿಸುವುದು. ಆದರೆ ರೋಗಾಣುಗಳೆದುರು ದೇಹವು ನಿರಾಯುಧವಾಗದೆ? ಈ ಶಂಕೆಗೆ ಪ್ರಕೃತಿಯೇ ಒಂದಿಷ್ಟು ಉತ್ತರವನ್ನಿತ್ತಿದೆ. ಪಾಪಿಯೋನ್-ಲೆಫೆವ್ರ್ ಎಂಬ ಅಪೂರ್ವ ವ್ಯಾಧಿಯಲ್ಲಿ, ಅಸ್ಥಿಮಜ್ಜೆಯಲ್ಲಿ ಎಲಾಸ್ಟೇಸಿಗೆ ಮೊನೆ ಕೊಡುವ ಬೇರೊಂದು ಕಿಣ್ವವೇ ಕೆಟ್ಟಿರುತ್ತದೆ. ಆ ರೋಗಿಗಳ ಅಂಗೈ ಅಂಗಾಲುಗಳ ಚರ್ಮ ದಪ್ಪಗಟ್ಟುತ್ತದೆ, ವಸಡು ಕೆಟ್ಟು ಹಲ್ಲುಗಳು ಎಳವೆಯಲ್ಲೇ ಬೀಳುತ್ತವೆ. ಆದರೂ ಅವರಲ್ಲಿ ಬಹುಮಂದಿ ಮಾರಕ ಸೋಂಕುಗಳಿಗೆ ತುತ್ತಾಗುವುದಿಲ್ಲ. ಮೊನೆ ಕೊಡುವ ಆ ಕಿಣ್ವವನ್ನು ತಡೆಯುವ ಬ್ರೆನ್ಸೊಕ್ಯಾಟಿಬ್ ಎಂಬ ಗುಳಿಗೆಯನ್ನು, ಶ್ವಾಸನಾಳಗಳು ಹಿಗ್ಗಿ ಕೀವುಗಟ್ಟುವ ಬ್ರಾಂಕಿಯೆಕ್ಟಾಸಿಸ್ ರೋಗದ 1,700ಕ್ಕೂ ಹೆಚ್ಚು ಮಂದಿಯಲ್ಲಿ ಪರೀಕ್ಷಿಸಲಾಯಿತು. ಒಂದು ವರ್ಷದ ಅವಧಿಯಲ್ಲಿ ರೋಗವು ಉಲ್ಬಣಿಸುವುದು ಸುಮಾರು ಐದನೆಯ ಒಂದು ಪಾಲಿನಷ್ಟು ಇಳಿಯಿತು. 2025ರ ಆಗಸ್ಟಿನಲ್ಲಿ ಅಮೆರಿಕವು ಅದಕ್ಕೆ ಅನುಮತಿ ನೀಡಿತು.

ಇಳಿದದ್ದು ಐದನೆಯ ಒಂದು ಪಾಲು ಮಾತ್ರ ಎಂಬುದನ್ನು ಮರೆಯಲಾಗದು. ಆದರೆ ಮಾಲ್ಮೋವಿನಲ್ಲಿ ಕಾಣದೆಹೋದ ಒಂದು ಪಟ್ಟೆಯಿಂದ ಹೊರಟ ವಿಚಾರವು ಅರುವತ್ತೆರಡು ವರ್ಷಗಳ ಮೇಲೆ ರೋಗಿಯ ಕೈಗೆ ಗುಳಿಗೆಯಾಗಿ ಬಂದುದು ಸಣ್ಣ ಸಂಗತಿಯಲ್ಲ. ಹೋದ ಗಾಳಿಗೂಡನ್ನು ಮರಳಿ ಕಟ್ಟುವ ವಿದ್ಯೆ ಇನ್ನೂ ಕೈಗೂಡಿಲ್ಲವಾಗಿ, ಇರುವುದನ್ನು ಉಳಿಸಿಕೊಳ್ಳುವುದೇ ಸದ್ಯದ ಚಿಕಿತ್ಸೆ. ಅದಕ್ಕೆ ಹೊಗೆಯನ್ನು ತ್ಯಜಿಸುವುದೇ ಮೊದಲ ಮೆಟ್ಟಿಲು.